ಚಳಿಯ ಊರಿನಲ್ಲಿ ತಂಪಿನ ಲೆಕ್ಕ



ಟೊರಾಂಟೊ ಕಡೆಯ ನಮ್ಮ ಕನ್ನಡ ಬಂಧುಗಳ ನಡುವೆ ದತ್ತಿ ಉಪನ್ಯಾಸ ಎಂದಾಗ ಪಂಪನೋ ಕುಮಾರವ್ಯಾಸನೋ ವಚನಗಳೋ ವಿಷಯವಾಗುವುದು ರೂಢಿ. ಈ ಸಲ ಸಮಿತಿಯವರು ನನ್ನ ಉದ್ಯೋಗದ ವಿಷಯವನ್ನೇ ಮಾತಾಡಿ ಎಂದರು. ಕಟ್ಟಡಗಳನ್ನು ಚಳಿಗಾಲದಲ್ಲಿ ಬೆಚ್ಚಗೆ, ಬೇಸಗೆಯಲ್ಲಿ ತಂಪಾಗಿ ಇಡುವುದು ನಾನು ಬಹುಕಾಲ ಮಾಡಿದ ಕೆಲಸ. ಆ ಕೆಲಸದಲ್ಲಿ ನನ್ನ ಕಣ್ಣೆದುರಿಗೇ ನಡೆದ ಬದಲಾವಣೆಯೊಂದನ್ನು ಕುರಿತು ಇಂದು ಹೇಳುತ್ತೇನೆ. ಈ ಊರನ್ನು ಕಟ್ಟಿದವರು ಚಳಿಗೆ ಹೆದರಿ ಕಟ್ಟಿದರು. ಇಲ್ಲಿನ ಗೋಡೆ, ಕೊಳವೆ, ಕಾನೂನು, ಬಾಡಿಗೆ ಕರಾರು ಎಲ್ಲದರಲ್ಲೂ ಚಳಿಯ ಎಚ್ಚರವಿದೆ. ಧಗೆಯ ಎಚ್ಚರ ಇನ್ನೂ ಸಾಲದು. ಚಳಿಗಾಲದ ಶಾಖವನ್ನು ಯಾರಿಗೂ ತಪ್ಪಿಸಬಾರದ ಅಗತ್ಯವೆಂದು ಒಪ್ಪಿರುವ ಸಮಾಜ, ಬೇಸಗೆಯ ತಂಪನ್ನೂ ಹಾಗೆಯೇ ಒಪ್ಪಬೇಕಾದ ಕಾಲ ಬಂದಿದೆ. ಇದೇ ನನ್ನ ವಾದ.

ಬಿಸಿಲು ಇಲ್ಲಿಗೆ ಹೊಸದೇನಲ್ಲ. 1936ರ ಜುಲೈ 8, 9 ಮತ್ತು 10, ಸತತ ಮೂರು ದಿನ ಟೊರಾಂಟೊದಲ್ಲಿ ಉಷ್ಣಾಂಶ 40.6 ಡಿಗ್ರಿ ಮುಟ್ಟಿತು. ಆ ದಾಖಲೆಯನ್ನು ನಗರ ಇಂದಿಗೂ ಮುರಿದಿಲ್ಲ. ಮನೆಯೊಳಗೆ ಇರಲಾರದೆ ಜನ ಹಾಸಿಗೆ ಸುತ್ತಿಕೊಂಡು ಸನ್ನಿಸೈಡ್ ತೀರಕ್ಕೆ, ಎಕ್ಸಿಬಿಷನ್ ಮೈದಾನಕ್ಕೆ ಹೋಗಿ ಬಯಲಲ್ಲಿ ಮಲಗಿದರು. ಆ ಧಗೆಯಲ್ಲಿ ಕೆನಡಾದಲ್ಲಿ ಸತ್ತವರ ಸಂಖ್ಯೆ 1,180 ಎಂದು ದಾಖಲಾಗಿದೆ. ಅವರಲ್ಲಿ ಸುಮಾರು 400 ಮಂದಿ ತಂಪು ಅರಸಿ ನೀರಿಗಿಳಿದು ಮುಳುಗಿದವರು. ಉಳಿದವರಲ್ಲಿ ಹೆಚ್ಚಿನವರು ವಯಸ್ಸಾದವರು ಮತ್ತು ಕೂಸುಗಳು. ಟೊರಾಂಟೊ ಒಂದರಲ್ಲೇ ಇನ್ನೂರಕ್ಕೂ ಹೆಚ್ಚು ಜನ ಹೋದರು. ಆಗ ಯಾರ ಮನೆಯಲ್ಲೂ ಎಸಿ ಇರಲಿಲ್ಲ. ಈಗ ಒಂಟಾರಿಯೊದ ಸುಮಾರು ಐದರಲ್ಲಿ ನಾಲ್ಕು ಮನೆಗಳಲ್ಲಿ ಇದೆ. ನಾನು ಮಾತಾಡಬೇಕಾಗಿರುವುದು ಆ ಐದನೆಯ ಮನೆಯ ಬಗ್ಗೆ, ಮತ್ತು ಉಳಿದ ನಾಲ್ಕು ಮನೆಗಳು ಒಟ್ಟಿಗೆ ಎಸಿ ಹಾಕಿದಾಗ ಏನಾಗುತ್ತದೆ ಎಂಬುದರ ಬಗ್ಗೆ.

ನಮ್ಮ ವೃತ್ತಿಯಲ್ಲಿ ಊರಿನ ಚಳಿ-ಬಿಸಿಯನ್ನು ಅಳೆಯಲು ಡಿಗ್ರಿ-ದಿನ ಎಂಬ ಲೆಕ್ಕವಿದೆ. ಕೆನಡಾದಲ್ಲಿ 18 ಡಿಗ್ರಿಯನ್ನು ನಡುಗೆರೆಯಾಗಿ ಇಟ್ಟುಕೊಳ್ಳುತ್ತೇವೆ. ಒಂದು ದಿನದ ಸರಾಸರಿ ಉಷ್ಣಾಂಶ 25 ಡಿಗ್ರಿ ಇದ್ದರೆ ಆ ದಿನಕ್ಕೆ ಏಳು ತಂಪಿನ ಡಿಗ್ರಿ-ದಿನ. ಸರಾಸರಿ ಮೈನಸ್ 5 ಆದರೆ ಇಪ್ಪತ್ತಮೂರು ಶಾಖದ ಡಿಗ್ರಿ-ದಿನ. ಹೀಗೆ ವರ್ಷವಿಡೀ ಕೂಡುತ್ತಾ ಹೋದರೆ ಟೊರಾಂಟೊದಲ್ಲಿ ಶಾಖದ ಮೊತ್ತ ಸಾವಿರಗಳಲ್ಲಿ ಬರುತ್ತದೆ, ತಂಪಿನದು ನೂರುಗಳಲ್ಲಿ. ಅದಕ್ಕೇ ನಮ್ಮ ಹಿಂದಿನ ತಲೆಮಾರಿನ ಎಂಜಿನಿಯರರು ತಂಪನ್ನು ಕೊಸರು ಬಾಬತ್ತೆಂದು ಬದಿಗಿಟ್ಟರು. ಆದರೆ ಈ ಲೆಕ್ಕದಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಸರಾಸರಿ ಉಷ್ಣಾಂಶ ಮೂರು ಡಿಗ್ರಿ ಏರಿತು ಎನ್ನಿ. ಚಳಿಗಾಲದ ದೊಡ್ಡ ಮೊತ್ತದಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ, ಅಷ್ಟೆ. ಬೇಸಗೆಯಲ್ಲಿ ಹಾಗಲ್ಲ. ನಿನ್ನೆಯವರೆಗೆ 16-17 ಡಿಗ್ರಿಯಲ್ಲಿದ್ದು ಲೆಕ್ಕಕ್ಕೇ ಬಾರದಿದ್ದ ದಿನಗಳೆಲ್ಲ ಗೆರೆ ದಾಟಿ ಲೆಕ್ಕಕ್ಕೆ ಸೇರುತ್ತವೆ. ಮೊದಲೇ ಸೇರಿದ್ದ ದಿನಗಳ ತೂಕವೂ ಹೆಚ್ಚುತ್ತದೆ. ಮೂಲ ಮೊತ್ತ ಚಿಕ್ಕದಾದ್ದರಿಂದ ಅದು ಬಲುಬೇಗ ದುಪ್ಪಟ್ಟಾಗುತ್ತದೆ.

ಟೊರಾಂಟೊ ನಗರಾಡಳಿತ ಮಾಡಿಸಿದ ಭವಿಷ್ಯದ ಹವಾಮಾನದ ಅಧ್ಯಯನವೊಂದು 2011ರಲ್ಲಿ ಹೊರಬಂತು. 2000ರಿಂದ 2009ರ ದಶಕವನ್ನು 2040ರ ದಶಕದೊಡನೆ ಹೋಲಿಸಿದ ವರದಿ ಅದು. ವರ್ಷಕ್ಕೆ 30 ಡಿಗ್ರಿ ಮೀರುವ ದಿನಗಳು 20ರಿಂದ 66ಕ್ಕೆ, ಗಾಳಿಯ ತೇವವನ್ನೂ ಸೇರಿಸಿ ಎಣಿಸುವ ಹ್ಯೂಮಿಡೆಕ್ಸ್ 40 ದಾಟುವ ದಿನಗಳು 9ರಿಂದ 39ಕ್ಕೆ ಏರುತ್ತವೆ ಎಂದು ಅದು ಅಂದಾಜು ಮಾಡಿತು. ಎಸಿ ಬೇಕೇ ಬೇಕೆನ್ನಿಸುವ 24 ಡಿಗ್ರಿಯನ್ನು ಗೆರೆಯಾಗಿಟ್ಟು ಎಣಿಸಿದರೆ ಡಿಗ್ರಿ-ದಿನಗಳು 32ರಿಂದ 180ಕ್ಕೆ. ಅಂದರೆ ಐದೂವರೆ ಪಟ್ಟು. ಇದು ಒಂದು ಹವಾಮಾನ ಮಾದರಿಯಿಂದ ಬಂದ ಲೆಕ್ಕ, ಒಂದೊಂದು ಅಂಕಿಯನ್ನೂ ಬಿಗಿಯಾಗಿ ಹಿಡಿಯಬೇಕಿಲ್ಲ. ಮಾದರಿ ಬದಲಾದರೆ ಅಂಕಿ ಬದಲಾಗಬಹುದು, ದಿಕ್ಕು ಬದಲಾಗುವುದಿಲ್ಲ. ಭವಿಷ್ಯದ ಮಾತೇಕೆ, 2005ರ ಬೇಸಗೆಯಲ್ಲೇ ಟೊರಾಂಟೊ 30 ಡಿಗ್ರಿ ಮೀರಿದ 41 ದಿನಗಳನ್ನು ಕಂಡಿತ್ತು.

ಈಗ ಕಟ್ಟಡಗಳ ಒಳಗೆ ಹೋಗೋಣ. ನಾನು ತುಸು ಹೆಚ್ಚು ಹೊತ್ತು ನಿಲ್ಲಬಯಸುವ ಜಾಗ ಇದು.

ಎರಡನೇ ಮಹಾಯುದ್ಧದ ನಂತರ, 1980ರ ದಶಕದ ಆರಂಭದವರೆಗೆ, ಟೊರಾಂಟೊದಲ್ಲಿ ಸಾವಿರಕ್ಕೂ ಹೆಚ್ಚು ಕಾಂಕ್ರೀಟ್ ವಸತಿ ಗೋಪುರಗಳು ಎದ್ದವು. ಥಾರ್ನ್‌ಕ್ಲಿಫ್ ಪಾರ್ಕ್, ಫ್ಲೆಮಿಂಗ್ಡನ್ ಪಾರ್ಕ್, ಸೇಂಟ್ ಜೇಮ್ಸ್ ಟೌನ್, ಜೇನ್-ಫಿಂಚ್ ಕಡೆ ಹೋದವರಿಗೆ ಇವು ಗೊತ್ತು. ನಮ್ಮಲ್ಲಿ ಎಷ್ಟೋ ಜನ ಈ ದೇಶಕ್ಕೆ ಬಂದ ಹೊಸತರಲ್ಲಿ ಬಾಡಿಗೆಗಿದ್ದದ್ದು ಇಂಥ ಕಟ್ಟಡಗಳಲ್ಲೇ. ಗೋಡೆಯಲ್ಲಿ ಶಾಖ ತಡೆಯುವ ಪದರ ಇಲ್ಲವೆನ್ನುವಷ್ಟು ತೆಳು. ಕೋಣೆಯ ನೆಲದ ಕಾಂಕ್ರೀಟೇ ತಡೆಯಿಲ್ಲದೆ ಹೊರಗೆ ಚಾಚಿಕೊಂಡು ಬಾಲ್ಕನಿಯಾಗಿದೆ. ಒಲೆಯ ಮೇಲಿಟ್ಟ ಬಾಣಲೆಯ ಹಿಡಿ ಕೈ ಸುಡುವಂತೆ, ಬಾಲ್ಕನಿಗೆ ಬಿದ್ದ ಬಿಸಿಲು ನೇರವಾಗಿ ಒಳಗಿನ ನೆಲಕ್ಕೆ ಹರಿಯುತ್ತದೆ. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿ ಒಳಗಡೆ ಶಾಖ ಬಿಡುತ್ತದೆ. ಕಿಟಕಿ ತೆರೆಯೋಣವೆಂದರೆ, ಮಕ್ಕಳು ಬೀಳದಿರಲೆಂದು ಮೇಲಂತಸ್ತಿನ ಕಿಟಕಿಗಳನ್ನು ಹತ್ತು ಸೆಂಟಿಮೀಟರಿಗಿಂತ ಹೆಚ್ಚು ತೆರೆಯದಂತೆ ನಿಲ್ಲಿಸಿರುತ್ತಾರೆ. ಅದು ಸರಿಯಾದ ನಿಯಮವೇ, ಆದರೆ ಗಾಳಿಗೆ ಬೇರೆ ದಾರಿಯನ್ನು ಯಾರೂ ಯೋಚಿಸಲಿಲ್ಲ. ಕಿಟಕಿ ಎಸಿ ಹಾಕೋಣವೆಂದರೆ ಹಳೆಯ ವೈರಿಂಗು ಅಷ್ಟೊಂದು ಭಾರ ತಡೆಯುವುದಿಲ್ಲ ಎನ್ನುತ್ತಾರೆ ಮಾಲೀಕರು, ಮತ್ತು ಅನೇಕ ಕಡೆ ಆ ಮಾತು ನಿಜ.

ಇನ್ನೊಂದು ಬಗೆಯ ಕಟ್ಟಡಗಳಲ್ಲಿ ಎರಡು ಕೊಳವೆಯ ವ್ಯವಸ್ಥೆ ಇದೆ. ಚಳಿಗಾಲದಲ್ಲಿ ಬಿಸಿನೀರು ಹರಿಯುವ ಅದೇ ಕೊಳವೆಗಳಲ್ಲಿ ಬೇಸಗೆಯಲ್ಲಿ ತಣ್ಣೀರು ಹರಿಯಬೇಕು. ಬಾಯ್ಲರ್ ನಿಲ್ಲಿಸಿ ಚಿಲ್ಲರ್ ಹಾಕುವ ಈ ಕೆಲಸಕ್ಕೆ ಚೇಂಜ್‌ಓವರ್ ಅನ್ನುತ್ತೇವೆ. ಅದು ಗುಂಡಿ ಒತ್ತಿದೊಡನೆ ಆಗುವಂಥದ್ದಲ್ಲ. ಸಿಬ್ಬಂದಿ ಬರಬೇಕು, ನೀರು ತಣಿಯಬೇಕು, ಕವಾಟಗಳನ್ನು ತಿರುಗಿಸಬೇಕು, ದಿನಗಳೇ ಹಿಡಿಯುತ್ತವೆ. ಹಿಂದೆ ಇದಕ್ಕೆ ವರ್ಷಕ್ಕೆರಡು ಗೊತ್ತಾದ ಕಾಲವಿತ್ತು. ಟೊರಾಂಟೊದ ಹಳೆಯ ಉಪನಿಯಮದ ಪ್ರಕಾರ ಸೆಪ್ಟೆಂಬರ್ 15ರಿಂದ ಜೂನ್ 1ರವರೆಗೆ ಮನೆ ಮಾಲೀಕರು ಒಳಗೆ ಕನಿಷ್ಠ 21 ಡಿಗ್ರಿ ಶಾಖ ಒದಗಿಸಲೇಬೇಕಿತ್ತು. ಈಗ ಮೇ ತಿಂಗಳಲ್ಲೇ 30 ಡಿಗ್ರಿ ಹೊಡೆಯುತ್ತದೆ. 2017ರಲ್ಲಂತೂ ಸೆಪ್ಟೆಂಬರ್ ಕೊನೆಯ ವಾರದಲ್ಲಿ 30 ದಾಟಿದ ದಿನಗಳು ಸಾಲಾಗಿ ಬಂದವು. ಅಂಥ ದಿನಗಳಲ್ಲಿ ಕಾನೂನಿಗೆ ಅಂಜಿ ಬಾಯ್ಲರ್ ಹಾಕಿಕೊಂಡ ಕಟ್ಟಡಗಳ ಒಳಗಿನ ಪಾಡು ಏನೆಂದು ನನಗೆ ಫೋನ್ ಮಾಡಿ ಹೇಳಿಕೊಂಡವರು ಬಹಳ. ಈಚೆಗೆ ನಗರವು ಶಾಖದ ಅವಧಿಯನ್ನು ಅಕ್ಟೋಬರ್ 1ರಿಂದ ಮೇ 15ಕ್ಕೆ ಕಿರಿದುಗೊಳಿಸಿದೆ. ಋತು ಸರಿದಿದೆ ಎಂದು ಒಂದು ಉಪನಿಯಮವೇ ಒಪ್ಪಿಕೊಂಡ ಹಾಗಾಯಿತು.

ಸ್ವಂತ ಮನೆಯವರು ಸುರಕ್ಷಿತ ಎಂದುಕೊಳ್ಳಬೇಡಿ. ಟೊರಾಂಟೊದಲ್ಲಿ ತಂಪಿನ ಯಂತ್ರಗಳ ಗಾತ್ರ ನಿರ್ಧರಿಸಲು ಕಟ್ಟಡ ಸಂಹಿತೆಯ ಪಟ್ಟಿಯಲ್ಲಿ ಕೊಟ್ಟಿರುವ ಜುಲೈ ತಿಂಗಳ ಹೊರಗಿನ ಉಷ್ಣಾಂಶ 31 ಡಿಗ್ರಿ. ಕಳೆದುಹೋದ ದಶಕಗಳ ಹವಾಮಾನದಿಂದ ತೆಗೆದ ಅಂಕಿ ಅದು. ಬ್ರಾಂಪ್ಟನ್, ಮಿಲ್ಟನ್ ಬಡಾವಣೆಗಳ ಮೂರಂತಸ್ತಿನ ಟೌನ್‌ಹೌಸ್‌ಗಳನ್ನು ನೋಡಿ. ಕಪ್ಪು ಶಿಂಗಲ್ಸ್ ಚಾವಣಿ, ಇಡೀ ಮನೆಗೆ ಒಂದೇ ಥರ್ಮೋಸ್ಟ್ಯಾಟ್, ಅದೂ ಕೆಳಗಿನ ಹಜಾರದಲ್ಲಿ. ಕೆಳಗೆ 23 ತೋರಿಸುತ್ತಿರುವಾಗ ಮೇಲಿನ ಮಲಗುವ ಕೋಣೆ 28 ಇರುವುದು ಸಾಮಾನ್ಯ. ಯಂತ್ರದ ದೃಷ್ಟಿಯಲ್ಲಿ ಮನೆ ತಂಪಾಗಿದೆ. ಮೇಲಿನ ಕೋಣೆಯಲ್ಲಿ ಮಲಗಿದ ಅಜ್ಜಿಗೆ ನಿದ್ದೆಯಿಲ್ಲ.

ಅಜ್ಜಿಯ ಮಾತು ಬಂದದ್ದರಿಂದ ನಮ್ಮ ನಡುವಿನ ಒಂದು ನಂಬಿಕೆಯನ್ನು ಇಲ್ಲೇ ಪ್ರಶ್ನಿಸುತ್ತೇನೆ. "ನಾವು ರಾಯಚೂರು, ಬಳ್ಳಾರಿ ಬಿಸಿಲು ಕಂಡವರು, ಈ ಮೂವತ್ನಾಲ್ಕು ಡಿಗ್ರಿ ನಮಗೇನು ಮಾಡೀತು?" ಈ ಮಾತನ್ನು ನಾನು ಪ್ರತಿ ಬೇಸಗೆಯಲ್ಲಿ ಕೇಳುತ್ತೇನೆ. ಕಲ್ಯಾಣ ಕರ್ನಾಟಕದ ಹಳೆಯ ಮನೆಗಳನ್ನು ನೆನಪು ಮಾಡಿಕೊಳ್ಳಿ: ದಪ್ಪ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಚಿಕ್ಕ ಕಿಟಕಿ, ಮೇಲೆ ಬೆಳಕಿಂಡಿ, ರಾತ್ರಿ ಮಾಳಿಗೆಯ ಮೇಲೆ ತೆರೆದ ಆಕಾಶದಡಿ ನಿದ್ದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಅಲ್ಲಿ ಮನೆ, ಉಡುಗೆ, ಊಟ, ಕಚೇರಿಯ ಗಂಟೆ ಎಲ್ಲವೂ ಬಿಸಿಲಿಗೆ ಹೊಂದಿಕೊಂಡಿವೆ. ಅಲ್ಲಿಯ ಬಿಸಿಲು ಒಣ ಬಿಸಿಲು, ಬೆವರು ಆರಿ ಮೈ ತಣಿಯುತ್ತದೆ. ಟೊರಾಂಟೊದ ಜುಲೈ ಮಂಗಳೂರಿನ ಸೆಕೆಗೆ ಹತ್ತಿರ. ಗಾಳಿಯ ತೇವ ಸೇರಿ 34 ಡಿಗ್ರಿ ಮೈಗೆ 44ರಂತೆ ತಾಗುತ್ತದೆ. ಅದನ್ನು ಅಳೆಯುವುದಕ್ಕೆಂದೇ ಕೆನಡಾದವರು 1965ರಿಂದ ಹ್ಯೂಮಿಡೆಕ್ಸ್ ಬಳಸುತ್ತಿದ್ದಾರೆ. ಚಳಿಯನ್ನು ಹೊರಗಿಡಲು ಬಿಗಿಯಾಗಿ ಮುಚ್ಚಿದ ಮನೆಯೊಳಗೆ ಈ ಸೆಕೆ ಸೇರಿಕೊಂಡರೆ ಹೊರಹೋಗುವುದಿಲ್ಲ. ರಾಯಚೂರಿನಲ್ಲಿ ನಮ್ಮ ಹಿರಿಯರನ್ನು ಕಾಪಾಡಿದ್ದು ಅಲ್ಲಿಯ ಮನೆ ಮತ್ತು ಅಲ್ಲಿಯ ದಿನಚರಿ. ಅವೆರಡನ್ನೂ ನಾವು ವಿಮಾನದಲ್ಲಿ ತಂದಿಲ್ಲ. ಮೇಲಾಗಿ ಈಗ ಅಲ್ಲಿಯೂ ಹಳೆಯ ಮನೆಗಳು ಹೋಗಿ ಕಾಂಕ್ರೀಟ್ ಬಂದಿದೆ. ಫ್ಯಾನೂ ಬೇಡವೆನ್ನುತ್ತಿದ್ದ ಬೆಂಗಳೂರು 2016ರ ಏಪ್ರಿಲ್ 24ರಂದು 39.2 ಡಿಗ್ರಿ ಕಂಡಿತು.

2011ರ ಕೊನೆಯಲ್ಲಿ ಸೂಪರ್ ವೀಸಾ ಬಂದ ಮೇಲೆ ನಮ್ಮ ತಂದೆತಾಯಿಗಳು ಇಲ್ಲಿ ವರ್ಷಗಟ್ಟಲೆ ಇರುತ್ತಾರೆ. ಮಗ ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಕ್ಯಾಂಪಿಗೆ ಹೋದ ಮೇಲೆ ಅವರು ಒಬ್ಬರೇ. ವಿದ್ಯುತ್ ಬಿಲ್ಲು ಮಕ್ಕಳಿಗೆ ಹೊರೆಯಾಗಬಾರದೆಂದು ಎಸಿ ಆರಿಸಿ ಕೂರುವ ಅಪ್ಪಂದಿರನ್ನು ನಾನು ಬಲ್ಲೆ. ಅದು ಪ್ರೀತಿಯಿಂದ ಮಾಡುವ ಕೆಲಸ, ಆದರೆ ಅಪಾಯದ ಕೆಲಸ. 2021ರ ಜೂನ್ ಕೊನೆಯಲ್ಲಿ ಬ್ರಿಟಿಷ್ ಕೊಲಂಬಿಯದ ಮೇಲೆ ಕವಿದು ಬಿಸಿಗಾಳಿಯನ್ನು ಹಿಡಿದಿಟ್ಟ ಉಷ್ಣ ಗುಮ್ಮಟ 619 ಜನರನ್ನು ಬಲಿ ತೆಗೆದುಕೊಂಡಿತು. ಆ ಪ್ರಾಂತದ ಕೊರೊನರ್ ವರದಿ ಪ್ರಕಾರ ಅವರಲ್ಲಿ ಶೇ. 98ರಷ್ಟು ಜನ ಸತ್ತದ್ದು ಒಳಗಡೆ, ಚಾವಣಿಯ ಕೆಳಗೆ. ಮೂರರಲ್ಲಿ ಎರಡು ಪಾಲು ಎಪ್ಪತ್ತು ದಾಟಿದವರು. ಅರ್ಧಕ್ಕಿಂತ ಹೆಚ್ಚು ಮಂದಿ ಒಂಟಿಯಾಗಿದ್ದವರು. ಬಿಸಿಲಲ್ಲಿ ಓಡಾಡಿ ಕುಸಿದವರಲ್ಲ ಇವರು; ತಮ್ಮ ಮನೆಯೊಳಗೇ ಇದ್ದವರು. ಟೊರಾಂಟೊದ ಸಾರ್ವಜನಿಕ ಆರೋಗ್ಯ ಇಲಾಖೆಯೂ 2005ರಲ್ಲೇ, ಈ ನಗರದಲ್ಲಿ ಧಗೆಯಿಂದ ವರ್ಷಕ್ಕೆ ಸರಾಸರಿ 120 ಜನ ಅಕಾಲದಲ್ಲಿ ಸಾಯುತ್ತಾರೆಂದು ಅಂದಾಜು ಮಾಡಿತ್ತು.

ಹಾಗಾದರೆ ಎಲ್ಲರೂ ಎಸಿ ಹಾಕಿಸಿಕೊಂಡರೆ ಮುಗಿಯಿತಲ್ಲ ಎಂದು ಕೇಳಬಹುದು. ಅದು ಅಷ್ಟು ಸರಳವಲ್ಲ. ಒಂಟಾರಿಯೊದ ವಿದ್ಯುತ್ ಬೇಡಿಕೆ ಒಂದು ಕಾಲಕ್ಕೆ ಚಳಿಗಾಲದ ಸಂಜೆಗಳಲ್ಲಿ ಶಿಖರ ಮುಟ್ಟುತ್ತಿತ್ತು. ಎಸಿಗಳು ಹೆಚ್ಚಿದಂತೆ ಆ ಶಿಖರ ಬೇಸಗೆಗೆ ಸರಿಯಿತು. ಪ್ರಾಂತದ ಅತಿ ಹೆಚ್ಚಿನ ಬೇಡಿಕೆಯ ದಾಖಲೆ 2006ರ ಆಗಸ್ಟ್ 1ರದು: 27,005 ಮೆಗಾವಾಟ್. ಚಳಿಗಾಲದ ದಾಖಲೆ 2004ರ ಡಿಸೆಂಬರಿನ 24,979. ಆ ವರ್ಷಗಳ ಬೇಸಗೆಯಲ್ಲಿ ಎಸಿಗಳಿಗೆ ಶಕ್ತಿ ಕೊಡಲು ಕಲ್ಲಿದ್ದಲು ಸುಡುತ್ತಿದ್ದರು, ಆಕಾಶ ಕಂದುಬಣ್ಣಕ್ಕೆ ತಿರುಗುತ್ತಿತ್ತು. ಮಿಸ್ಸಿಸಾಗಾದ ಲೇಕ್‌ವ್ಯೂ ಸ್ಥಾವರ 2005ರಲ್ಲಿ ಮುಚ್ಚಿತು. 2014ರಲ್ಲಿ ಒಂಟಾರಿಯೊ ಕಲ್ಲಿದ್ದಲಿನ ವಿದ್ಯುತ್ತನ್ನು ಪೂರ್ತಿ ಬಿಟ್ಟಿತು. ಅದು ಈ ಪ್ರಾಂತ ಹೆಮ್ಮೆಪಡಬೇಕಾದ ಕೆಲಸ. ಆದರೂ ಧಗೆಯ ಮಧ್ಯಾಹ್ನಗಳಲ್ಲಿ ಇಂದಿಗೂ ಅನಿಲ ಸ್ಥಾವರಗಳು ಹೊತ್ತಿಕೊಳ್ಳುತ್ತವೆ. ಒಂದೊಂದು ಎಸಿಯೂ ಒಳಗಿನ ಶಾಖವನ್ನು ತೆಗೆದು ಬೀದಿಗೆ ಸುರಿಯುತ್ತದೆ, ಎಸಿ ಇಲ್ಲದವನ ಕಿಟಕಿಗೆ. ಇನ್ನು ಧಗೆಯ ನಡುವೆ ಕರೆಂಟೇ ಹೋದರೆ? 2003ರ ಆಗಸ್ಟ್ 14ರ ಕತ್ತಲೆಯನ್ನು ಇಲ್ಲಿರುವ ಹಿರಿಯರು ಮರೆತಿರಲಾರರು. ಅಂದು ಒಂಟಾರಿಯೊ ಮತ್ತು ಅಮೆರಿಕದ ಈಶಾನ್ಯ ಭಾಗ ಸೇರಿ ಐದು ಕೋಟಿ ಜನರಿಗೆ ವಿದ್ಯುತ್ ಇರಲಿಲ್ಲ.

ಬೇರೆ ದಾರಿಗೆ ಈ ಊರಿನಲ್ಲೇ ಒಂದು ಉತ್ತಮ ಉದಾಹರಣೆ ಇದೆ, ಮತ್ತು ಅದು ನಮ್ಮ ಜನಕ್ಕೆ ಅಷ್ಟಾಗಿ ತಿಳಿದಿಲ್ಲ. ನೀರು ಅತಿ ಭಾರವಾಗುವುದು 4 ಡಿಗ್ರಿಯಲ್ಲಿ. ಚಳಿಗಾಲದಲ್ಲಿ ತಣಿದ ನೀರು ಒಂಟಾರಿಯೊ ಸರೋವರದ ತಳಕ್ಕೆ ಇಳಿದು, ಮೇಲೆ ಜುಲೈ ಸುಡುತ್ತಿರುವಾಗಲೂ ಅಲ್ಲಿ 4 ಡಿಗ್ರಿಯಲ್ಲೇ ಇರುತ್ತದೆ. ತೀರದಿಂದ ಸುಮಾರು ಐದು ಕಿಲೋಮೀಟರ್ ಆಚೆ, 83 ಮೀಟರ್ ಆಳದಿಂದ, ಆ ನೀರನ್ನು ಕೊಳವೆಗಳಲ್ಲಿ ಎಳೆದು ತರುತ್ತಾರೆ. ದ್ವೀಪದ ಘಟಕದಲ್ಲಿ ಅದನ್ನು ಶುದ್ಧೀಕರಿಸಿ, ಜಾನ್ ಸ್ಟ್ರೀಟ್ ಪಂಪ್ ಕೇಂದ್ರದಲ್ಲಿ ಶಾಖ ವಿನಿಮಯ ಯಂತ್ರಗಳ ಮೂಲಕ ಹಾಯಿಸುತ್ತಾರೆ. ಸರೋವರದ ನೀರು ತನ್ನ ತಂಪನ್ನಷ್ಟೇ ಕಟ್ಟಡಗಳ ಕೊಳವೆಯ ನೀರಿಗೆ ಕೊಟ್ಟು, ಬಳಿಕ ಎಂದಿನಂತೆ ಕುಡಿಯುವ ನೀರಾಗಿ ಊರಿನ ನಲ್ಲಿಗಳಿಗೆ ಹೋಗುತ್ತದೆ. ಎನ್‌ವೇವ್ ಸಂಸ್ಥೆ ನಗರದೊಡನೆ ಸೇರಿ 2004ರಲ್ಲಿ ಇದನ್ನು ಆರಂಭಿಸಿತು. ಟೊರಾಂಟೊ ಜನರಲ್ ಆಸ್ಪತ್ರೆ, ನಗರಸಭೆಯ ಕಟ್ಟಡ, ಕ್ವೀನ್ಸ್ ಪಾರ್ಕಿನ ಶಾಸನಸಭೆ, ಹಾಕಿ ಆಡುವ ಸ್ಕೋಷಿಯಾಬ್ಯಾಂಕ್ ಅರೀನಾ ಎಲ್ಲವೂ ಹೀಗೆ ತಣಿಯುತ್ತವೆ. ಚಿಲ್ಲರ್‌ಗಳಿಗೆ ಬೇಕಾಗುತ್ತಿದ್ದ ವಿದ್ಯುತ್ತಿನ ಬಹುಪಾಲು ಉಳಿಯುತ್ತದೆ. ನನ್ನ ವೃತ್ತಿಯ ಜೀವನದಲ್ಲಿ ಇದಕ್ಕಿಂತ ಸೊಗಸಾದ ಎಂಜಿನಿಯರಿಂಗ್ ಕೆಲಸವನ್ನು ನಾನು ನೋಡಿಲ್ಲ. ಒಂದೇ ಕೊರತೆ: ಕೊಳವೆಗಳು ಮುಖ್ಯವಾಗಿ ಪೇಟೆಯ ದೊಡ್ಡ ಕಟ್ಟಡಗಳ ನಡುವೆ ಓಡುತ್ತವೆ. ಬ್ಯಾಂಕುಗಳ ಗೋಪುರಕ್ಕೆ ಮುಟ್ಟಿದ ಸರೋವರದ ತಂಪು ಥಾರ್ನ್‌ಕ್ಲಿಫ್ ಪಾರ್ಕಿನ ಹನ್ನೆರಡನೇ ಮಹಡಿಗೆ ಮುಟ್ಟಿಲ್ಲ.

ಅಲ್ಲಿಗೆ ಮುಟ್ಟಬಲ್ಲದ್ದು ಬೇರೆ. ಹ್ಯಾಮಿಲ್ಟನ್‌ನಲ್ಲಿ 1967ರಲ್ಲಿ ಕಟ್ಟಿದ ಹದಿನೆಂಟು ಅಂತಸ್ತಿನ ಕೆನ್ ಸೋಬಲ್ ಟವರ್ ಎಂಬ ಸಾರ್ವಜನಿಕ ವಸತಿ ಕಟ್ಟಡವಿದೆ. ಕೆಡವದೆ, ಹೊರಗಿನಿಂದ ದಪ್ಪ ಶಾಖನಿರೋಧಕ ಹೊದಿಸಿ, ಕಿಟಕಿ ಬದಲಿಸಿ, ಗಾಳಿಯ ವ್ಯವಸ್ಥೆಯನ್ನು ಹೊಸದಾಗಿ ಮಾಡಿ 2021ರಲ್ಲಿ ಅದನ್ನು ಮತ್ತೆ ವಾಸಕ್ಕೆ ಕೊಟ್ಟರು. ಚಳಿಗೆ ಹಾಕಿದ ಹೊದಿಕೆಯೇ ಧಗೆಯನ್ನೂ ತಡೆಯುತ್ತದೆ, ಹಾಗಾಗಿ ತಂಪಿಗೆ ಸಣ್ಣ ಯಂತ್ರ ಸಾಕು. ಗೋಡೆ ಮೊದಲು, ಯಂತ್ರ ಆಮೇಲೆ. ಮನೆಗಳಿಗೂ ಇದೇ ಕ್ರಮ ಹೇಳುತ್ತೇನೆ: ಅಟ್ಟದಲ್ಲಿ ಇನ್ಸುಲೇಷನ್ ಹೆಚ್ಚಿಸಿ, ಪಶ್ಚಿಮದ ಕಿಟಕಿಗೆ ಹೊರಗಿನಿಂದ ನೆರಳು ಮಾಡಿ, ಹಳೆಯ ಎಸಿ ಕೆಟ್ಟಾಗ ಎರಡೂ ಕಾಲಕ್ಕೆ ಒದಗುವ ಹೀಟ್ ಪಂಪ್ ಹಾಕಿಸಿ. ಮರಗಳ ನೆರಳಿನ ಮಾತಂತೂ ಬೇರೆಯೇ. ಎಮರಾಲ್ಡ್ ಆಶ್ ಬೋರರ್ ಎಂಬ ಕೀಟ 2007ರಲ್ಲಿ ಟೊರಾಂಟೊದಲ್ಲಿ ಕಾಣಿಸಿಕೊಳ್ಳುವಾಗ ಇಲ್ಲಿ ಸುಮಾರು 8,60,000 ಆಶ್ ಮರಗಳಿದ್ದವು. ಬಹುಪಾಲು ಹೋದವು. ಆ ನೆರಳು ಮರಳಲು ಒಂದು ತಲೆಮಾರು ಬೇಕು.

ಕೊನೆಗೆ ಕಾನೂನು. ಒಂಟಾರಿಯೊದ ದೀರ್ಘಕಾಲೀನ ಆರೈಕೆ ಕೇಂದ್ರಗಳಲ್ಲಿ ನಿವಾಸಿಗಳ ಕೋಣೆಗೆ ಎಸಿ ಕಡ್ಡಾಯವಾದದ್ದು 2022ರ ಜೂನಿನಲ್ಲಿ, ಕೋವಿಡ್ ಕಾಲದ ದಾರುಣ ಅನುಭವದ ನಂತರ. ಬಾಡಿಗೆದಾರರಿಗೆ ಎಸಿ ಅಳವಡಿಸಿಕೊಳ್ಳುವ ಹಕ್ಕನ್ನು ಒಂಟಾರಿಯೊ ಶಾಸನಸಭೆ 2023ರಲ್ಲಿ ಅಂಗೀಕರಿಸಿತು, ಆದರೆ ಆ ಭಾಗವನ್ನು ಕೂಡಲೇ ಜಾರಿಗೆ ತರಲಿಲ್ಲ. ಟೊರಾಂಟೊದ ಉಪನಿಯಮದಲ್ಲಿ 26 ಡಿಗ್ರಿಯ ಮಿತಿ ಇದೆ, ಆದರೆ ಅದನ್ನು ಬರೆದಿರುವುದು ಮಾಲೀಕರು ಎಸಿ ಒದಗಿಸಿರುವ ಕಟ್ಟಡಗಳಿಗೆ. ಎಸಿ ಇಲ್ಲದ ಕಟ್ಟಡಕ್ಕೆ, ಅಂದರೆ ಹೆಚ್ಚು ಅಗತ್ಯವಿರುವ ಕಡೆಗೇ, ಮಿತಿ ಇಲ್ಲ. ಇದು ತಲೆಕೆಳಗಾದ ನ್ಯಾಯ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ತಣಿಯಲು ಮನೆಯಿಂದ ಹೊರಗೆ ಹೋಗಬಹುದಲ್ಲ ಎನ್ನುವಂತೆಯೂ ಇಲ್ಲ: 2025ರ ಜೂನ್ ಧಗೆಯಲ್ಲಿ ನಗರದ ಕೆಲವು ತೆರೆದ ಈಜುಕೊಳಗಳನ್ನೇ ಮುಚ್ಚಬೇಕಾಯಿತು. ದಡದಲ್ಲಿ ನಿಲ್ಲುವ ಜೀವರಕ್ಷಕರಿಗೆ ಆ ಬಿಸಿ ಅಪಾಯಕಾರಿಯಾಗಿತ್ತು. ತಣಿಯಲು ಹೋಗುವ ಜಾಗಗಳೂ ಮುಚ್ಚುವ ದಿನ ಮನೆಯೊಳಗಿನ ತಂಪೊಂದೇ ಉಳಿಯುವ ಆಸರೆ.

ಬಂಧುಗಳೆ, ನಿಮ್ಮಲ್ಲಿ ನನ್ನ ಕೇಳಿಕೆ ಇಷ್ಟು. ಮುಂದಿನ ಧಗೆಯ ಮುನ್ನೆಚ್ಚರಿಕೆ ಬಂದ ದಿನ ನಿಮ್ಮ ಮನೆಯ ಅತಿ ಮೇಲಿನ ಕೋಣೆಯಲ್ಲಿ ಒಂದು ಥರ್ಮಾಮೀಟರ್ ಇಟ್ಟು ನೋಡಿ. 26 ಮೀರಿದರೆ ಅಪ್ಪ ಅಮ್ಮಂದಿರ ಹಾಸಿಗೆಯನ್ನು ಕೆಳಗಿನ ಮಹಡಿಗೆ ತನ್ನಿ. ಎಸಿ ಆರಿಸಬೇಡಿ ಎಂದು ಅವರಿಗೆ ನೀವೇ ಹೇಳಿ, ಬಿಲ್ಲಿನ ಚಿಂತೆ ಬೇಡವೆಂದೂ ಹೇಳಿ. ನಿಮಗೆ ಪರಿಚಯದ ಒಂಟಿ ಹಿರಿಯರಿಗೆ ದಿನಕ್ಕೆರಡು ಸಲ ಫೋನ್ ಮಾಡಿ. ನಮ್ಮ ಸಂಘದಲ್ಲಿ ಬೇಸಗೆಗೊಂದು ಫೋನ್ ಪಟ್ಟಿ ಮಾಡಿಕೊಂಡರೆ ಅದಕ್ಕೆ ನಾನು ಮೊದಲು ಹೆಸರು ಕೊಡುತ್ತೇನೆ. ಮತ್ತು ನಿಮ್ಮ ವಾರ್ಡಿನ ಕೌನ್ಸಿಲರ್‌ಗೆ ಒಂದು ಪತ್ರ ಬರೆಯಿರಿ: ಚಳಿಗಾಲಕ್ಕೆ ಕನಿಷ್ಠ 21 ಡಿಗ್ರಿ ಎಂದು ಹೇಗೆ ಎಲ್ಲ ಬಾಡಿಗೆ ಮನೆಗಳಿಗೂ ಕಾನೂನಿದೆಯೋ ಹಾಗೆಯೇ ಬೇಸಗೆಗೆ ಗರಿಷ್ಠ 26 ಡಿಗ್ರಿ ಎಂದು ಎಲ್ಲ ಬಾಡಿಗೆ ಮನೆಗಳಿಗೂ ಕಾನೂನು ಬೇಕೆಂದು. ನೀವು ಸ್ವಂತ ಮನೆಯವರಾಗಿದ್ದರೂ ಬರೆಯಿರಿ.